ಜುಲೈ ಕೊನೆಯ ವಾರ ಸಾಗರ–ಶಿರಸಿ–ಉಡುಪಿ–ಮಡಿಕೇರಿ: ಅಲ್ಲಿ ಏನು ತಿನ್ನೋದು, ಮನೆಗೆ ಏನು ತರೋದು?

ಬುತ್ತಿ_ಗಂಟು:

ಜುಲೈ 27ಕ್ಕೆ ಹೊರಟು ಆಗಸ್ಟ್ 3ರ ರಾತ್ರಿ ವಾಪಸ್. ಬೆಂಗಳೂರು, ಸಾಗರ, ಶಿರಸಿ, ಕುಮಟಾ, ಉಡುಪಿ, ಮಂಗಳೂರು, ಮಡಿಕೇರಿ, ಮತ್ತೆ ಬೆಂಗಳೂರು. ನಾಲ್ಕು ಜನ, ಇಬ್ಬರಿಗೆ ಮೀನು ಬೇಕು, ಇಬ್ಬರು ಸಸ್ಯಾಹಾರಿಗಳು. ಹೋದಲ್ಲೆಲ್ಲ ಗೋಬಿ ಮಂಚೂರಿ, ಮಸಾಲೆದೋಸೆ ತಿಂದು ಬರೋದಾದರೆ ಅಷ್ಟು ದೂರ ಹೋಗಬೇಕಾಗಿಲ್ಲ. ಗೊತ್ತಿರೋರು ಹೇಳಿ:

1. ಆ ವಾರ ಆಯಾ ಊರಲ್ಲಿ ನಿಜಕ್ಕೂ ಹೊಸದಾಗಿ ಸಿಗೋದು ಯಾವುದು, ಹೋದ ಸೀಸನ್ನಿನ ದಾಸ್ತಾನು ಯಾವುದು?
2. ಕಳಲೆ (ಬಿದಿರಿನ ಎಳೆ ಮೊಳಕೆ) ತಂದು ಬೆಂಗಳೂರಲ್ಲಿ ಮಾಡಬಹುದಾ? ಮೂರು ದಿನ ನೆನೆಸಲೇಬೇಕಾ? ಕುಕ್ಕರಲ್ಲಿ ನಾಲ್ಕು ಸೀಟಿ ಹೊಡೆಸಿದರೆ ಸಾಲದಾ?
3. ಪತ್ರೊಡೆ: ಒಂದೋ ಗಂಟಲು ಕೆರೆತ, ಇಲ್ಲಾ ಸುರುಳಿ ಬಿಚ್ಚಿಕೊಂಡು ಉಪ್ಪಿಟ್ಟಿನಂತಾಗೋದು. ತಪ್ಪು ಎಲ್ಲಿ?
4. ಬಂದ ಮೇಲೆ ಬೆಂಗಳೂರಿನ ಮಳೆಗಾಲಕ್ಕೆ ತಕ್ಕ ಅಡುಗೆ ಯಾವುದು?

ಘಟ್ಟದ_ಮೇಲಿಂದ:

ಹೋಟೆಲಿನ ಮೆನು ನೋಡಿ ಇದೆಲ್ಲ ಸಿಗಲ್ಲ. ಹೋಂಸ್ಟೇಗೋ ಊಟದ ಮನೆಗೋ ಹಿಂದಿನ ದಿನವೇ ಫೋನ್ ಮಾಡಿ, ಪದಾರ್ಥದ ಹೆಸರು ಹಿಡಿದು ಕೇಳಿ: ಕಳಲೆ ಇದೆಯಾ, ಮರಕೆಸು ಸಿಕ್ಕಿದೆಯಾ, ನಾಳೆ ಯಾವ ತಂಬುಳಿ. 'ಲೋಕಲ್ ಊಟ ಬೇಕು' ಅಂತ ಮೊಗಮ್ಮಾಗಿ ಹೇಳಿದರೆ ಪೇಟೆಯವರಿಗೆ ಇರಲಿ ಅಂತ ಪನೀರ್ ತರಿಸಿಬಿಡ್ತಾರೆ.

ಆ ವಾರ ಹೊಸದಾಗಿ ಇರೋದು ಕಳಲೆ, ಕೆಸು, ಮರಕೆಸು, ಅರಿಶಿನದ ಎಲೆ, ಒಂದೆಲಗ, ಗದ್ದೆ ಬದಿಯ ಸೊಪ್ಪುಗಳು. ದಾಸ್ತಾನು ಅಂದರೆ ಅಪ್ಪೆಮಿಡಿ (ಕೊಯ್ಲು ಫೆಬ್ರವರಿಯಿಂದ ಏಪ್ರಿಲ್), ಮುರುಗಲಿನ (ಕೋಕಂ) ಒಣಸಿಪ್ಪೆ, ಹಲಸಿನ ಹಪ್ಪಳ, ಜೋನಿಬೆಲ್ಲ (ನೀರುಬೆಲ್ಲ). ತೊಡೆದೇವು ಕೇಳಿದರೆ ಕೊಡೋರು ಇದ್ದಾರೆ, ಆದರೆ ಅದು ಆಲೆಮನೆ ಕಾಲದ ತಿಂಡಿ, ಜನವರಿ–ಫೆಬ್ರವರಿಯದು. ದಾಸ್ತಾನು ಅಂದ ಮಾತ್ರಕ್ಕೆ ಕೀಳಲ್ಲ. ಉಪ್ಪುನೀರಲ್ಲಿಟ್ಟ ಮಿಡಿಯ ಅಪ್ಪೆಹುಳಿ ಮಳೆಗಾಲದಲ್ಲೇ ರುಚಿ. ಜೋನಿಬೆಲ್ಲವನ್ನು ಮಾತ್ರ ಮುಚ್ಚಳ ತೆಗೆಸಿ ನೋಡಿ ತಗೊಳ್ಳಿ. ಪಾಕ ಎಳಸಾಗಿ ಇಳಿಸಿದ್ದರೆ ಮಳೆಗಾಲದ ತೇವಕ್ಕೆ ಹುಳಿ ಬಂದು ಮೇಲೆ ನೊರೆ ಕಟ್ಟಿರುತ್ತೆ. ಶಿರಸಿಯ ಟಿ.ಎಸ್.ಎಸ್. (ತೋಟಗಾರರ ಸಹಕಾರಿ ಸಂಘ) ಸೂಪರ್ ಮಾರ್ಕೆಟ್‌ನಲ್ಲಿ ಈ ದಾಸ್ತಾನಿನ ಪದಾರ್ಥಗಳು ಒಂದೇ ಕಡೆ ಸಿಗುತ್ತವೆ.

ಈಗ ಕಳಲೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡೋ ಅಂಶ ಇದೆ, ಮರಗೆಣಸಿನಲ್ಲಿ ಇರೋ ಥರದ್ದೇ. ಹೆಚ್ಚಿದಾಗ ಜೀವಕೋಶ ಒಡೆದು ಆ ಅಂಶ ಕಳಲೆಯದೇ ಕಿಣ್ವದ ಜೊತೆ ಸೇರುತ್ತೆ, ವಿಷ ಬಿಟ್ಟುಕೊಳ್ಳುತ್ತೆ. ಅದು ನೀರಿಗೂ ಇಳಿಯುತ್ತೆ, ಆವಿಯಾಗಿಯೂ ಹೋಗುತ್ತೆ. ಹಾಗಾಗಿ ತೆಳ್ಳಗೆ ಹೆಚ್ಚೋದು, ನೆನೆಸೋದು, ಮುಚ್ಚಳ ತೆಗೆದು ಬೇಯಿಸೋದು, ಮೂರೂ ಬೇಕು. ಕುಕ್ಕರಲ್ಲಿ ಮುಚ್ಚಿ ಬೇಯಿಸಿ ಅದೇ ನೀರನ್ನ ಹುಳಿಗೆ ಬಿಟ್ಟರೆ ಹೊರಗೆ ಹೋಗಬೇಕಾದ್ದನ್ನ ತಟ್ಟೆಗೆ ಬಡಿಸಿದ ಹಾಗೆ.

ಕೈಕೆಲಸ ಹೀಗೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಪೊರೆಯ ಮೇಲಿನ ಕಂದು ಸುಂಕು ಚುಚ್ಚಿದರೆ ಸಂಜೆವರೆಗೂ ತುರಿಸುತ್ತೆ. ತುದಿಯಿಂದ ಬುಡದವರೆಗೆ ಉದ್ದಕ್ಕೆ ಒಂದು ಗೀರು ಹಾಕಿದರೆ ಪೊರೆಗಳು ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಒಳಗೆ ದಂತದ ಬಣ್ಣದ ತಿರುಳು. ತುದಿಯಿಂದ ಹೆಚ್ಚುತ್ತಾ ಬನ್ನಿ. ಚಾಕು ಮೂಲಂಗಿಗೆ ಇಳಿದ ಹಾಗೆ ಇಳಿಯುವವರೆಗೆ ಎಳಸು. 'ಕರ್ರ್' ಅಂತ ನಾರು ಸಿಕ್ಕಿದ ಕಡೆ ನಿಲ್ಲಿಸಿ. ಗಿಣ್ಣಿನ ಗಟ್ಟಿ ಬಿಲ್ಲೆಗಳನ್ನ ಬಿಸಾಕಿ, ಎಷ್ಟು ಬೇಯಿಸಿದರೂ ಅವು ಬೇಯಲ್ಲ. ಪೊರೆ ಸಮೇತ 1 ಕೆ.ಜಿ. ತಂದರೆ ಅಡುಗೆಗೆ ಉಳಿಯೋದು ಹೆಚ್ಚುಕಡಿಮೆ ಮೂರನೇ ಒಂದು ಪಾಲು, ಲೆಕ್ಕ ಇಟ್ಟುಕೊಂಡೇ ತಗೊಳ್ಳಿ.

2–3 ಮಿ.ಮೀ. ದಪ್ಪದ ಬಿಲ್ಲೆ ಮಾಡಿ, ಮುಳುಗಿ ನಾಲ್ಕು ಬೆರಳು ಮೇಲೆ ಬರುವಷ್ಟು ನೀರು ಹಾಕಿ. 24 ಗಂಟೆಗೊಮ್ಮೆ ನೀರು ಚೆಲ್ಲಿ ಹೊಸ ನೀರು, ಹೀಗೆ ಮೂರು ದಿನ. ಎರಡನೇ ದಿನಕ್ಕೆ ನೀರು ಮಬ್ಬು ಹಳದಿಯಾಗಿ ಹುಳಿವಾಸನೆ ಬರುತ್ತೆ. ಅದು ಕೆಟ್ಟದ್ದಲ್ಲ, ಹಾಗೇ ಆಗಬೇಕು. ಲೋಳೆ ಬಂದರೆ ಮಾತ್ರ ನೀರು ಸಾಲದಾಗಿದೆ ಅಂತ, ಅಂಥದ್ದನ್ನ ಚೆಲ್ಲಿ. ನಾಲ್ಕನೇ ದಿನ ಹೊಸ ನೀರಲ್ಲಿ ಉಪ್ಪು ಹಾಕಿ ಮುಚ್ಚಳ ಇಲ್ಲದೆ 20–25 ನಿಮಿಷ ಕುದಿಸಿ ಬಸಿಯಿರಿ. ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಹಿ ಇದ್ದರೆ ಇನ್ನೊಂದು ನೀರಲ್ಲಿ ಮತ್ತೆ ಕುದಿಸಿ. ಆಮೇಲೆ ಪಲ್ಯವೋ, ಹೆಸರುಕಾಳಿನ ಜೊತೆ ಹುಳಿಯೋ ನಿಮ್ಮಿಷ್ಟ.

ತರೋದಾದರೆ ಶಿರಸಿಯಲ್ಲಿ ತಗೊಂಡು ಐದು ದಿನ ಡಿಕ್ಕಿಯಲ್ಲಿ ಸುತ್ತಿಸಬೇಡಿ. ಕಿತ್ತ ಕಳಲೆ ಎರಡು ದಿನಕ್ಕೆ ಬುಡದಿಂದ ನಾರಾಗುತ್ತಾ ಬರುತ್ತೆ, ಬೆಳಕಿಗೆ ಇಟ್ಟರೆ ಕಹಿಯೂ ಏರುತ್ತೆ. ವಾಪಸ್ ಬರೋ ದಿನ ಕೊಡಗಿನ ಕಡೆ ಪೊರೆ ಸಮೇತ ತಗೊಳ್ಳಿ, ಗೋಣಿಚೀಲದಲ್ಲಿ ಸುತ್ತಿ ತನ್ನಿ, ಅವತ್ತೇ ರಾತ್ರಿ ಹೆಚ್ಚಿ ನೀರಿಗೆ ಹಾಕಿ. ದಾರಿ ಬದಿ ಬಿದಿರು ಮೆಳೆ ಕಂಡಿತು ಅಂತ ಇಳಿದು ಮುರಿಯೋಕೆ ಹೋಗಬೇಡಿ. ಅರಣ್ಯ ಇಲಾಖೆ ಜಾಗದಲ್ಲಿ ಅದಕ್ಕೆ ಕೇಸು ಬೀಳುತ್ತೆ, ಜೊತೆಗೆ ಒಂದು ಕಳಲೆ ಮುರಿದರೆ ಒಂದು ಬಿದಿರು ಹೋಯಿತು.

ತೆಂಕಣ_ಗಾಳಿ:

ಮೀನಿನ ಲೆಕ್ಕ ನಾನು ಹೇಳ್ತೇನೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ನೀವು ಕುಮಟಾ–ಉಡುಪಿಯಲ್ಲಿ ಇರುವುದು ಸರಿಯಾಗಿ ಆ ಕೊನೆಯ ದಿನಗಳಲ್ಲಿ. ಆಗ ಹೋಟೆಲಿನಲ್ಲಿ ದೊಡ್ಡ ಅಂಜಲ್ ತವಾ ಫ್ರೈ ಕಂಡರೆ ಅದು ಐಸಿನಲ್ಲಿ ಇಟ್ಟದ್ದು, ಇಲ್ಲವೇ ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದದ್ದು. ಅಲ್ಲಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇದ್ದು ಮುಗಿದಿರುತ್ತದೆ. ತಿನ್ನಬಾರದು ಅಂತ ಅಲ್ಲ ಮಾರಾಯ್ರೆ, ಆದರೆ 'ಇಲ್ಲಿಯ ತಾಜಾ ಮೀನು' ಅಂತ ಜಾಸ್ತಿ ಹಣ ಕೊಡಬೇಡಿ.

ಇಲ್ಲಿಯದ್ದೇ ಬೇಕಾದರೆ ನಾಡದೋಣಿ ಮೀನು ಕೇಳಿ. ಗಾಳಿ ನಿಂತ ದಿನ ದಡದ ಹತ್ತಿರ ಬಲೆ ಬೀಸಿ ತರುತ್ತಾರೆ. ಸಣ್ಣ ಮೀನು, ಸಿಗಡಿ, ಸ್ವಲ್ಪವೇ ಬರುವುದು, ಬೆಳಿಗ್ಗೆಯೇ ಮುಗಿಯುತ್ತದೆ. ಕಿವಿರು ಎತ್ತಿದರೆ ಕೆಂಪು ಇರಬೇಕು, ಬೆರಳಲ್ಲಿ ಒತ್ತಿದ ಗುಳಿ ಕೂಡಲೇ ಮೇಲೆ ಬರಬೇಕು. ಆಗಸ್ಟ್ 1ಕ್ಕೆ ನಿಷೇಧ ಮುಗಿದರೂ ಕಡಲು ಒರಟಾಗಿದ್ದರೆ ಬೋಟು ಹೊರಡುವುದಿಲ್ಲ. ಆಳಸಮುದ್ರಕ್ಕೆ ಹೋದವು ಮರಳಲಿಕ್ಕೆ ಇನ್ನೂ ದಿನಗಳು ಬೇಕು. ನಿಮ್ಮ ಪ್ರವಾಸ ಹತ್ತು ದಿನ ಮುಂದೆ ಹೋದರೆ ಮೀನಿನವರಿಗೆ ಲಾಭ, ಹೋಗದಿದ್ದರೆ ಒಣಮೀನು ಉಂಟಲ್ಲ. ಈ ಎರಡು ತಿಂಗಳಿಗೆಂದೇ ಒಣಗಿಸಿ ಇಟ್ಟದ್ದು ಅದು. ಒಣಸಿಗಡಿಯ ಚಟ್ನಿ, ಕುಚ್ಚಲಕ್ಕಿ ಗಂಜಿ, ಹೊರಗೆ ಧೋ ಅಂತ ಮಳೆ. ಇದರ ಎದುರು ಫಿಶ್ ಫ್ರೈ ಏನೂ ಅಲ್ಲ.

ಸಸ್ಯಾಹಾರಿಗಳಿಗೆ ಇದು ಆಟಿ (ತುಳುವರ ಮಳೆಗಾಲದ ತಿಂಗಳು), ಪುಣ್ಯ ಮಾಡಿದ್ದಾರೆ. ತಜಂಕ್ (ಘಟ್ಟದ ಮೇಲೆ ತಗಚೆ ಸೊಪ್ಪು) ಪಲ್ಯ ಅಥವಾ ವಡೆ, ಹಲಸಿನ ಬೀಜ ಹಾಕಿದ ಗಸಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಪಲ್ಯ, ಮೆಂತೆ ಗಂಜಿ, ಕಣಿಲೆ–ಪದೆಂಗಿ. ಕಣಿಲೆ ಅಂದರೆ ನಿಮ್ಮ ಕಳಲೆ, ಪದೆಂಗಿ ಅಂದರೆ ಹೆಸರುಕಾಳು. ತಜಂಕಿನಲ್ಲಿ ತುದಿಯ ಎಳೆ ಚಿಗುರು ಮಾತ್ರ ಒಳ್ಳೆಯದು. ಹೂ ಬಿಟ್ಟ ಮೇಲೆ ಕಹಿ. ಉಪ್ಪು ಸೊಳೆಯನ್ನು ಮನೆಗೆ ತಂದರೆ ಎರಡು ಗಂಟೆ ನೀರಲ್ಲಿ ಹಾಕಿ ಹಿಂಡಿ, ಆಮೇಲೆ ಒಂದು ಚೂರು ತಿಂದು ನೋಡಿಯೇ ಉಪ್ಪು ಹಾಕಿ. ಹೆಚ್ಚಿನ ಸಲ ಹಾಕುವ ಅಗತ್ಯವೇ ಇರುವುದಿಲ್ಲ.

ಒಂದು ಎಚ್ಚರಿಕೆ. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುವುದು ಉಂಟು. ಗೊತ್ತಿರುವ ಮನೆಯವರು ಕೊಟ್ಟರೆ ಸರಿ. ನೀವಾಗಿ ಕತ್ತಲಲ್ಲಿ ಹೋಗಿ ಮರ ಕೆತ್ತಲೇಬೇಡಿ. ಕಾಸರಕದ ಮರದ ಕೆತ್ತೆ ತಪ್ಪಿ ಬಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್, ಜೀವ ಹೋಗುತ್ತದೆ.

ಬುತ್ತಿ_ಗಂಟು:

ಮೀನಿನ ವಿಷಯ ಗೊತ್ತೇ ಇರಲಿಲ್ಲ, ಒಣಮೀನಿಗೇ ಒಪ್ಪಿಸ್ತೀನಿ. ಪತ್ರೊಡೆಗೆ ಯಾರಾದರೂ ಅಳತೆ ಸಮೇತ ಹೇಳಿ. ಕೆಸುವಿನ ಎಲೆಯನ್ನೂ ತರಬಹುದಾ?

ಹಬೆ_ಪಾತ್ರೆ:

ಕೆರೆತಕ್ಕೆ ಕಾರಣ ಎಲೆಯೊಳಗಿನ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಬರೀ ಬೇಯಿಸಿದ ಮಾತ್ರಕ್ಕೆ ಅದು ಪೂರ್ತಿ ಹೋಗಲ್ಲ, ಅದಕ್ಕೇ ಹುಳಿ ಜಾಸ್ತಿ. ಆರೋಗ್ಯ ಅಂತ ಹುಣಸೆ ಕಡಿಮೆ ಮಾಡೋರದ್ದೇ ಗಂಟಲು ಕೆರೆಯೋದು. ಎಲೆ ಆರಿಸುವಾಗ ದಂಟು ಕಪ್ಪು–ನೇರಳೆ ಬಣ್ಣದ್ದಾಗಿರೋ ಕರಿಕೆಸು, ಅಂಗೈ ಎರಡರಷ್ಟು ಅಗಲದ ಎಳೆ ಎಲೆ. ಮಳೆಗಾಲದಲ್ಲಿ ಮರದ ಮೇಲೆ ಬೆಳೆಯೋ ಮರಕೆಸು ಸಿಕ್ಕರೆ ಇನ್ನೂ ಒಳ್ಳೇದು, ತುರಿಕೆ ಕಡಿಮೆ, ಎಲೆ ತೆಳು.

12 ಎಲೆಗೆ: ದೋಸೆ ಅಕ್ಕಿ 2 ಲೋಟ (3–4 ಗಂಟೆ ನೆನೆಸಿದ್ದು), ತೆಂಗಿನ ತುರಿ 1 ಲೋಟ, ಬ್ಯಾಡಗಿ ಮೆಣಸಿನಕಾಯಿ 10, ಕೊತ್ತಂಬರಿ ಬೀಜ 2 ಚಮಚ, ಜೀರಿಗೆ 1 ಚಮಚ, ಹುಣಸೆಹಣ್ಣು ದೊಡ್ಡ ನಿಂಬೆ ಗಾತ್ರ (ಸುಮಾರು 40 ಗ್ರಾಂ), ಬೆಲ್ಲ 2 ಚಮಚ, ಅರಿಶಿನ, ಉಪ್ಪು. ಮೊದಲು ಮಸಾಲೆ ನುಣ್ಣಗೆ, ಆಮೇಲೆ ಅಕ್ಕಿ ಹಾಕಿ ಸಣ್ಣ ರವೆಯಷ್ಟು ತರಿ. ನೀರು ಮಿಕ್ಸಿ ತಿರುಗೋಕೆ ಬೇಕಾದಷ್ಟೇ. ಬೆರಳಲ್ಲಿ ಎತ್ತಿದರೆ ಹಿಟ್ಟು ಇಳಿಯದೆ ನಿಲ್ಲಬೇಕು. ಸುರುಳಿ ಬಿಚ್ಚಿಕೊಳ್ಳೋದು ದೋಸೆ ಹಿಟ್ಟಿನಷ್ಟು ತೆಳು ಮಾಡಿದಾಗ. ಹಿಟ್ಟನ್ನೇ ನಾಲಿಗೆಗೆ ಹಚ್ಚಿ ನೋಡಿ: ಉಪ್ಪು, ಹುಳಿ, ಖಾರ ಮೂರೂ ಸ್ವಲ್ಪ ಜಾಸ್ತಿ ಅನ್ನಿಸಬೇಕು, ಎಲೆ ಎಳೆದುಕೊಳ್ಳುತ್ತೆ.

ಎಲೆಯ ಬೆನ್ನು ಮೇಲೆ ಮಾಡಿ ಮಣೆ ಮೇಲೆ ಹಾಸಿ, ಎದ್ದಿರೋ ನಡುನರವನ್ನ ಚಾಕುವಿನಲ್ಲಿ ಹೆರೆದು ಸಮ ಮಾಡಿ. ಬಿಟ್ಟರೆ ಮಡಿಚುವಾಗ ಎಲೆ ಸೀಳುತ್ತೆ, ತುರಿಕೆಯೂ ಆ ದಪ್ಪ ಭಾಗದ್ದೇ ಜಾಸ್ತಿ. ಹಿಟ್ಟನ್ನ ಅಂಗೈಯಿಂದ ತೆಳ್ಳಗೆ ಸವರಿ. ಎರಡನೇ ಎಲೆಯ ತುದಿ ಮೊದಲನೆಯದರ ಬುಡದ ಕಡೆಗೆ ಬರಲಿ, ಹೀಗೆ ತಿರುಗುಮುರುಗಾಗಿ ದೊಡ್ಡದರಿಂದ ಚಿಕ್ಕದಕ್ಕೆ ನಾಲ್ಕು ಎಲೆ. ಎರಡೂ ಪಕ್ಕ ಒಳಗೆ ಮಡಚಿ, ಮಡಿಕೆಯ ಮೇಲೂ ಹಿಟ್ಟು ಸವರಿ, ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ. ಕೊನೆಯ ಅಂಚು ಕೆಳಗೆ ಬರುವಂತೆ ಇಡಿ. ನೀರು ಕುದಿ ಬಂದ ಮೇಲೆ ಇಟ್ಟು 45 ನಿಮಿಷ ಹಬೆ. ಅರ್ಧ ಗಂಟೆಗೆ ಇಳಿಸಿದರೆ ಒಳಗಿನ ಸುತ್ತು ಹಸಿ, ಮತ್ತೆ ಕೆರೆತ.

ಬಿಸಿಯಲ್ಲಿ ಕತ್ತರಿಸಬೇಡಿ! ನಿಮ್ಮ 'ಉಪ್ಪಿಟ್ಟು' ಅರ್ಧ ಇಲ್ಲೇ ಆಗಿರೋದು. ಪೂರ್ತಿ ತಣಿದ ಮೇಲೆ, ಆಗೋದಾದರೆ ರಾತ್ರಿ ಇಟ್ಟು ಬೆಳಿಗ್ಗೆ, ಅರ್ಧ ಇಂಚಿನ ಬಿಲ್ಲೆ ಮಾಡಿ ಕಾವಲಿ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಕಾಯಿಸಿ. ಅಷ್ಟೆಲ್ಲ ತಾಳ್ಮೆ ಇಲ್ಲದಿದ್ದರೆ ಎಲೆಯನ್ನ ಸಣ್ಣಗೆ ಹೆಚ್ಚಿ ಅದೇ ಹಿಟ್ಟಿಗೆ ಕಲಸಿ ಇಡ್ಲಿ ತಟ್ಟೆಯಲ್ಲಿ 25–30 ನಿಮಿಷ ಬೇಯಿಸಿ, ಪುಡಿ ಮಾಡಿ ಒಗ್ಗರಣೆ ಹಾಕಿ. ಅದೂ ಪತ್ರೊಡೆಯೇ, ಯಾರೂ ಜಗಳಕ್ಕೆ ಬರಲ್ಲ.

ಎಲೆ ತರೋದು: ತೊಳೆಯದೆ, ಒಣಬಟ್ಟೆಯಲ್ಲಿ ನೀರು ಒತ್ತಿ ತೆಗೆದು, ಒಂದರ ಮೇಲೊಂದು ಇಟ್ಟು ಸಡಿಲವಾಗಿ ಸುತ್ತಿ ನ್ಯೂಸ್ ಪೇಪರಿನಲ್ಲಿ ಕಟ್ಟಿ. ಎರಡು ದಿನ ತಡೆಯುತ್ತೆ. ಪ್ಲಾಸ್ಟಿಕ್ ಕವರಿಗೆ ಒದ್ದೆಯಾಗಿ ತುಂಬಿದರೆ ಮಾರನೇ ದಿನಕ್ಕೆ ಕೊಳೆ. ಮರಕೆಸು ಇದಕ್ಕೂ ಬಾಳಲ್ಲ, ಸಿಕ್ಕಲ್ಲೇ ತಿನ್ನಿ.

ಘಟ್ಟದ_ಮೇಲಿಂದ:

@ಹಬೆ_ಪಾತ್ರೆ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹುಣಸೆ ಬದಲು ಮುರುಗಲು ಹಾಕೋರು ಸಿಪ್ಪೆಯನ್ನ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ರುಬ್ಬಿ, ಬರೀ ನೀರು ಹಾಕಿದರೆ ಹುಳಿ ಸಾಲದು.

ತಂಬುಳಿ ಬಗ್ಗೆಯೂ: ಮಳೆಗಾಲದ ಒಂದೆಲಗ ಬೆಳೆಯೋದು ಚರಂಡಿ, ಗದ್ದೆ ನೀರಿನ ಪಕ್ಕ. ಮನೆಗೆ ತಂದು ಮಾಡುವಾಗ ನಾಲ್ಕು ನೀರಲ್ಲಿ ತೊಳೆದು, ತುಪ್ಪದಲ್ಲಿ ಜೀರಿಗೆ, 5–6 ಕಾಳುಮೆಣಸಿನ ಜೊತೆ ಎಲೆ ಪೂರ್ತಿ ಬಾಡುವವರೆಗೆ ಹುರಿದೇ ರುಬ್ಬಿ. ಒಂದು ಹಿಡಿ ಎಲೆಗೆ ಅರ್ಧ ಲೋಟ ತೆಂಗಿನ ತುರಿ, ಒಂದೂವರೆ ಲೋಟ ಕಡೆದ ಮಜ್ಜಿಗೆ. ಮಜ್ಜಿಗೆ ಸೇರಿಸಿದ ಮೇಲೆ ಒಲೆ ಮೇಲೆ ಇಡಬೇಡಿ, ಒಡೆಯುತ್ತೆ. ಅಣಬೆ ಮಾತ್ರ ದಾರಿಬದಿ ಯಾರೇ ಕೊಟ್ಟರೂ ಹೊತ್ತು ತರಬೇಡಿ. ಹುತ್ತದ ಅಣಬೆ ಗುರುತು ಹಿಡಿಯೋರು ಅಲ್ಲೇ ಅಟ್ಟು ಬಡಿಸಿದರೆ ತಿನ್ನಿ.

ಕಕ್ಕಡದ_ಮಳೆ:

ಆಗಸ್ಟ್ 3ಕ್ಕೆ ಮಡಿಕೇರಿಯಲ್ಲಿ ಇರ್ತೀರಿ ಅಂದರೆ ಅದೃಷ್ಟ. ಕಕ್ಕಡ 18 (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ) ಬರೋದು ಆ ದಿನವೇ, ಕೊಡಗಿನಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡ್ತಾರೆ. ಹಿಂದಿನ ದಿನ ಅಂಗಡಿ ಮುಂದೆ, ರಸ್ತೆಬದಿಯಲ್ಲಿ ಆ ಸೊಪ್ಪನ್ನ ಕಟ್ಟು ಕಟ್ಟಿ ಮಾರ್ತಾರೆ. ಎರಡು ಕಟ್ಟು ದಂಟು ಸಮೇತ ತೊಳೆದು ಹೆಚ್ಚಿ, ಎರಡು ಲೀಟರ್ ನೀರಲ್ಲಿ 40 ನಿಮಿಷ ಕುದಿಸಿದರೆ ಕಡುನೇರಳೆ ಕಷಾಯ. ಸೋಸಿ, ಅದರಲ್ಲೇ ಒಂದು ಲೋಟ ಅಕ್ಕಿ ಬೇಯಿಸಿ, ಬೆಲ್ಲ, ಕೊನೆಗೆ ತೆಂಗಿನಹಾಲು. ಬೆಲ್ಲವನ್ನ ಅಕ್ಕಿ ಬೆಂದ ಮೇಲೆಯೇ ಹಾಕಿ, ಮೊದಲೇ ಹಾಕಿದರೆ ಅಕ್ಕಿ ಗಟ್ಟಿಯಾಗಿ ಉಳಿಯುತ್ತೆ. ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತೆ, ಗಾಬರಿಯಾಗಿ ಡಾಕ್ಟರ್ ಹತ್ತಿರ ಓಡಬೇಡಿ, ಸೊಪ್ಪಿನ ಬಣ್ಣ ಅದು.

ಕಳಲೆಗೆ ಇಲ್ಲಿ ಬೈಂಬಳೆ ಅಂತ ಕೇಳಿ. ಬೆಣ್ಣೆಹಣ್ಣೂ ಇದೇ ಕಾಲ. ಕಲ್ಲಿನ ಹಾಗೆ ಗಟ್ಟಿ ಇರೋದನ್ನೇ ತಗೊಂಡು ಮನೆಯಲ್ಲಿ ಹೊರಗಿಡಿ, ನಾಲ್ಕೈದು ದಿನಕ್ಕೆ ಹಣ್ಣಾಗುತ್ತೆ. ಕಾಯಿಯನ್ನೇ ಫ್ರಿಜ್ಜಿಗೆ ಹಾಕಿದರೆ ಹಣ್ಣಾಗದೆ ಒಳಗೆ ಕಪ್ಪಾಗುತ್ತೆ. ಸಂಪಾಜೆ ಘಾಟಿಯಲ್ಲಿ ಮಳೆ ಜೋರಿದ್ದರೆ ರಸ್ತೆ ಬಂದ್ ಆಗೋದುಂಟು, ಹಿಂದಿನ ರಾತ್ರಿ ವಿಚಾರಿಸಿ ಹೊರಡಿ.

ಸೊಗಡು_ಸಾರು:

ನಾಲ್ಕನೇ ಪ್ರಶ್ನೆಗೆ ಯಾರೂ ಬಂದಿಲ್ಲ. ಬೆಂಗಳೂರಿಗೆ ಬಂದ ಮೇಲೂ ಮಲೆನಾಡಿನ ಅಡುಗೆಯನ್ನೇ ಮುಂದುವರಿಸೋದು ನನಗೇನೋ ಸರಿ ಕಾಣಲ್ಲ. ಬಯಲುಸೀಮೆ ಮಳೆಗೂ ಅದರದ್ದೇ ಬೆಳೆ ಇದೆ. ಹದ ಮಳೆ ಬಿದ್ದು ಎರಡು–ಮೂರು ವಾರಕ್ಕೆ ಹೊಲದ ಬೆರಕೆ ಸೊಪ್ಪು ಮಾರುಕಟ್ಟೆಗೆ ಬರುತ್ತೆ: ಅಣ್ಣೆ, ಕನ್ನೆ, ಗೋಣಿ, ಕೀರೆ ಎಲ್ಲ ಕಲಸಿ ಗುಡ್ಡೆ ಹಾಕಿರ್ತಾರೆ. ಬೆಳಿಗ್ಗೆ ಎಂಟರೊಳಗೆ ಹೋಗಿ, ಹಳ್ಳಿಯಿಂದ ಕುಕ್ಕೆಯಲ್ಲಿ ತಂದು ಕೂತವರ ಹತ್ತಿರ ತಗೊಳ್ಳಿ.

ಬಸ್ಸಾರಿಗೆ ಬಿಡಿಸಿದ ಸೊಪ್ಪು 400 ಗ್ರಾಂ, ತೊಗರಿಬೇಳೆ 150 ಗ್ರಾಂ. ಬೇಳೆಯನ್ನ ತೆರೆದ ಪಾತ್ರೆಯಲ್ಲಿ, ಹಿಸುಕಿದರೆ ಎರಡಾಗಬೇಕು, ಕರಗಬಾರದು, ಅಷ್ಟು ಬೇಯಿಸಿ ಸೊಪ್ಪು ಹಾಕಿ ಏಳೆಂಟು ನಿಮಿಷಕ್ಕೆ ಬಸಿಯಿರಿ. ಕುಕ್ಕರಿಗೆ ಹಾಕಿ ಬೇಳೆ ನುಣ್ಣಗಾದರೆ ಕಟ್ಟು (ಬಸಿದ ನೀರು) ಗಂಜಿಯಾಗುತ್ತೆ, ಪಲ್ಯ ಮುದ್ದೆಯಾಗುತ್ತೆ, ಎರಡೂ ಕೆಡುತ್ತೆ. ಸುಟ್ಟ ಈರುಳ್ಳಿ 1, ಬೆಳ್ಳುಳ್ಳಿ 8 ಎಸಳು, ತೆಂಗಿನ ತುರಿ ಕಾಲು ಲೋಟ, ಸಾರಿನ ಪುಡಿ 2 ಚಮಚ, ಸ್ವಲ್ಪ ಹುಣಸೆ, ಜೊತೆಗೆ ಬಸಿದ ಸೊಪ್ಪು–ಬೇಳೆಯಲ್ಲೇ ಒಂದು ಹಿಡಿ, ಇಷ್ಟನ್ನ ರುಬ್ಬಿ ಕಟ್ಟಿಗೆ ಬಿಟ್ಟು ಕುದಿಸಿ. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆ ಜೊತೆ.

ಅವರೆಕಾಯಿ ಈಗಲೂ ಅಂಗಡಿಯಲ್ಲಿ ಕಾಣುತ್ತೆ, ಮರುಳಾಗಬೇಡಿ. ನಾಟಿ ಅವರೆ ಹಗಲು ಚಿಕ್ಕದಾಗೋ ಕಾಲಕ್ಕೆ ಮಾತ್ರ ಹೂ ಬಿಡೋ ಬಳ್ಳಿ, ಅದಕ್ಕೇ ಅದು ಡಿಸೆಂಬರ್–ಜನವರಿಯದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ವರ್ಷವಿಡೀ ಬೆಳೀಬಹುದು. ರೈತರಿಗೆ ಒಳ್ಳೇದೇ. ಆದರೆ ಇಬ್ಬನಿ ಬಿದ್ದ ಕಾಯಿಯ ಸೊಗಡು, ಸುಲಿದ ಮೇಲೆ ಬೆರಳಿಗೆ ಅಂಟೋ ಆ ಜಿಡ್ಡು, ಜುಲೈಯಲ್ಲಿ ಸಿಗಲ್ಲ.

ಸೀತನಿ_ತೆನಿ:

ಡಿಸೆಂಬರ್ ಮಾತು ಬಂತು ಅಂತ ಹೇಳಾಕತ್ತೀನ್ರಿ. ಮುಂದಿನ ಪ್ರವಾಸ ಎಳ್ಳಮಾವಾಸ್ಯೆ ಸುತ್ತ ನಮ್ಮ ವಿಜಯಪುರ, ಕಲಬುರಗಿ ಕಡೆ ಹಾಕ್ರಿ. ಹಾಲು ತುಂಬಿದ ಎಳೆ ಜೋಳದ ತೆನಿ ಕುಳ್ಳಿನ ಕೆಂಡದಾಗ ಸುಟ್ಟು, ಬಿಸಿ ಇದ್ದಾಗನ ಅಂಗೈಯಾಗ ತಿಕ್ಕಿ ಕಾಳು ಉದುರಿಸಿ, ಬೆಲ್ಲ, ಶೇಂಗಾ ಹಿಂಡಿ, ಮೊಸರಿನ ಜೋಡಿ ತಿನ್ನೂದು, ಇದಕ್ಕ ಸೀತನಿ ಅಂತೀವ್ರಿ. ಆರಿತಂದ್ರ ಸಿಪ್ಪಿ ಬಿಡಂಗಿಲ್ಲ, ಕಾಳು ಚರ್ಮಧಂಗ ಆಗತೈತಿ. ಅದಕ್ಕ ಸೀತನಿ ಪಾರ್ಸಲ್ ಆಗೂದಿಲ್ಲ, ಹೊಲಕ್ಕ ಬರಬೇಕು.

ಬುತ್ತಿ_ಗಂಟು:

ಎಲ್ಲರಿಗೂ ಧನ್ಯವಾದ. ಪಟ್ಟಿ ಬರೆದುಕೊಂಡೆ. ಕೊನೇದು ಒಂದು: ಅರಿಶಿನದ ಎಲೆ ಕಡುಬಿಗೆ ಎಲೆ ತಂದು ಫ್ರಿಜ್ಜಲ್ಲಿ ಇಡಬಹುದಾ, ಇಲ್ಲಾ ಕುಂಡದಲ್ಲಿ ಬೆಳೆಯುತ್ತಾ?

ಹಬೆ_ಪಾತ್ರೆ:

ಫ್ರಿಜ್ಜಲ್ಲಿ ನಾಲ್ಕೈದು ದಿನ ಇರುತ್ತೆ, ಘಮ ಮಾತ್ರ ಇಳಿಯುತ್ತಾ ಹೋಗುತ್ತೆ. ಕುಂಡವೇ ವಾಸಿ. 12 ಇಂಚಿನ ಕುಂಡಕ್ಕೆ ಮೊಳಕೆ ಕಣ್ಣಿರೋ ಹಸಿ ಅರಿಶಿನದ ಎರಡು ತುಂಡು, ಎರಡು ಇಂಚು ಆಳ, ಅರ್ಧ ನೆರಳು. ಮೇ ಕೊನೆಗೆ ನೆಟ್ಟರೆ ಶ್ರಾವಣಕ್ಕೆ ಕಡುಬಿನ ಅಗಲದ ಎಲೆ ಸಿಗುತ್ತೆ. ಈಗ ನೆಟ್ಟರೆ ಈ ನಾಗರ ಪಂಚಮಿಗೆ ಆಗಲ್ಲ, ಆದರೂ ನೆಡಿ. ಚಳಿಗಾಲದಲ್ಲಿ ಎಲೆ ಒಣಗಿ ಸತ್ತ ಹಾಗೆ ಕಾಣುತ್ತೆ, ಕಿತ್ತು ಬಿಸಾಕಬೇಡಿ, ನೀರು ನಿಲ್ಲಿಸಿ ಮೂಲೆಗಿಡಿ. ಮುಂಗಾರಿಗೆ ತಾನೇ ಚಿಗುರುತ್ತೆ.